ಸಮವು ಚಿತ್ರದ ಕೈಯಲ್ಲಿ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ, ಮಳೆಗಾಲದ ಒಂದು ಸಂಜೆ, ಪರದೆಯ ಮೇಲಿನ ಪ್ಯಾರಿಸಿನ ಇರುಳಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಝಾನ್ ಮೊರೋಳ ಬೆನ್ನಿಗೆ ಮೈಲ್ಸ್ ಡೇವಿಸನ ಟ್ರಂಪೆಟ್ಟು ನಡೆದು ಬಂದುದನ್ನು ಕೇಳಿದಂದಿನಿಂದ, ಜಾಝ್ ಸಂಗೀತವು ನನಗೆ ಪರಕೀಯವಾಗಿ ಉಳಿಯಲಿಲ್ಲ.

ಲೂಯಿ ಮಾಲ್‌ನ ಆ ಚಿತ್ರ, ‘ಎಲಿವೇಟರ್ ಟು ದ ಗ್ಯಾಲೋಸ್’, ತೆರೆ ಕಂಡದ್ದು 1958ರಲ್ಲಿ. ಹಿಂದಿನ ವರ್ಷ ಡಿಸೆಂಬರಿನ ಒಂದು ರಾತ್ರಿ, ಬರೆದಿಟ್ಟ ಸ್ವರಲಿಪಿಯ ಆಸರೆಯಿಲ್ಲದೆ, ಸಂಗಡಿಗರಿಗೆ ಅಲ್ಪಸ್ವಲ್ಪ ಸೂಚನೆಯನ್ನಷ್ಟೇ ಕೊಟ್ಟು, ಮರಳಿ ಮರಳಿ ಹಾಯುವ ದೃಶ್ಯಗಳನ್ನು ನೋಡುತ್ತ ನೋಡುತ್ತಲೇ ಡೇವಿಸನು ಅದಕ್ಕೆ ಸಂಗೀತವನ್ನು ನುಡಿಸಿದನು. ಅಂಗಡಿಗಳ ಗಾಜಿನಿಂದ ಸೋರಿದ ಬೆಳಕು ಅವಳ ಮುಖದ ಮೇಲೆ ಬಂದು, ಜಾರಿ, ಮತ್ತೆ ಬರುತ್ತದೆ. ಟ್ರಂಪೆಟ್ಟಿನ ಒಂದು ನೀಳ ಸ್ವರವು ಏರಲೊಲ್ಲದೆ ಇಳಿಯಲೊಲ್ಲದೆ ತುಸು ತಡೆಯುತ್ತದೆ. ಕೆನ್ನಿ ಕ್ಲಾರ್ಕನ ಬ್ರಷ್ಷುಗಳು ಒಣಗಿದ ಎಲೆಗಳನ್ನು ಗುಡಿಸಿದಂತೆ ಡ್ರಮ್ಮಿನ ಮೇಲೆ ಮೆಲ್ಲಗೆ ಸರಿದಾಡುತ್ತವೆ.

ಧಾರವಾಡದ ನೀರು ಕುಡಿದು ಬೆಳೆದು ಪುಣೆಯಲ್ಲಿ ನೆಲೆಸಿದ ನನ್ನಂಥವನಿಗೆ ಮನೋಧರ್ಮವೆಂಬುದು ಹೊಸ ಮಾತಲ್ಲ. ಇದೇ ಊರಿನ ಸವಾಯಿ ಗಂಧರ್ವ ಉತ್ಸವದಲ್ಲಿ ನಮ್ಮ ಭೀಮಸೇನ ಜೋಶಿಯವರು ಒಂದೇ ಸ್ವರದ ಮೇಲೆ ನಿಂತು, ಅದರ ನಾಲ್ಕೂ ದಿಕ್ಕುಗಳನ್ನು ಸಾವಕಾಶವಾಗಿ ನೋಡಿ, ಬಳಿಕ ಮುಂದಿನ ಸ್ವರಕ್ಕೆ ಕಾಲಿಡುತ್ತಿದ್ದುದನ್ನು ಕೇಳಿದ ಕಿವಿಗಳಿವು. ಆದರೆ ಅಲ್ಲಿ ಗಾಯಕನಿಗಾಗಿ ತಬಲೆಯವನು ಕಾಯುತ್ತಾನೆ, ಶ್ರೋತೃಗಳೂ ಕಾಯುತ್ತಾರೆ. ಚಲಚ್ಚಿತ್ರವಾದರೋ ಯಾರಿಗಾಗಿಯೂ ಕಾಯದು. ಕತ್ತರಿಸಿ ಜೋಡಿಸಿದ ರೀಲು ತನ್ನ ಲಯದಲ್ಲಿ ತಾನು ಓಡುತ್ತದೆ, ಸಮವು ಅದರ ಕೈಯಲ್ಲೇ ಇರುತ್ತದೆ. ಆದಕಾರಣ ಅಲ್ಲಿ ನುಡಿಸುವವನು ಕಣ್ಣಿನಿಂದಲೇ ತಾಳ ಹಿಡಿಯಬೇಕು, ನುಡಿಸುವುದಕ್ಕಿಂತ ಹೆಚ್ಚಾಗಿ ಸುಮ್ಮನಿರಲು ಬಲ್ಲವನಾಗಿರಬೇಕು. 1955ರ ‘ಪಥೇರ್ ಪಾಂಚಾಲಿ’ಗೆ ರವಿಶಂಕರರು ಒಂದೇ ರಾತ್ರಿಯ ಕೂಟದಲ್ಲಿ ಸಂಗೀತವನ್ನೊದಗಿಸಿದರೆಂಬುದನ್ನು ನೆನೆದಾಗ, ಕಲ್ಕತ್ತೆಯ ಆ ಇರುಳಿಗೂ ಪ್ಯಾರಿಸಿನ ಈ ಇರುಳಿಗೂ ಒಡಹುಟ್ಟಿನ ಸಂಬಂಧವುಂಟೆಂದು ನನಗೆ ತೋರುತ್ತದೆ.

ಹಿಂದಿ ಚಿತ್ರಗಳಲ್ಲಿಯೂ ಗೋವೆಯ ವಾದಕರು ಜಾಝಿನ ಸವಿಯನ್ನು ತಂದುದುಂಟು, ಸಿ. ರಾಮಚಂದ್ರರ ‘ಅಲ್ಬೇಲಾ’ದಲ್ಲಿ ಚಿಕ್ ಚಾಕೊಲೇಟ್ ನುಡಿಸಿದ ಟ್ರಂಪೆಟ್ಟು ಇಂದಿಗೂ ಮೈನವಿರೇಳಿಸುತ್ತದೆ. ಆದರೆ ಅದು ಕುಣಿತಕ್ಕೆ ಹೊಂದಿಸಿದ ಹಾಡಿನ ಉಲ್ಲಾಸ. ಮೌನವಾಗಿ ನಡೆಯುವ ಹೆಣ್ಣೊಬ್ಬಳ ಮನಸ್ಸಿನೊಳಕ್ಕೆ ವಾದ್ಯವನ್ನು ಹೀಗೆ ಇಳಿಬಿಟ್ಟ ಧೈರ್ಯವನ್ನು ನಾನು ಅಲ್ಲಿ ಕಾಣೆನು.

ಆ ಸಂಜೆ ಹೊರಗೆ ಬಂದಾಗ ಮಳೆ ನಿಂತಿದ್ದಿತು. ಬಸ್ಸು ಹತ್ತದೆ ಡೆಕ್ಕನ್ ಜಿಮಖಾನದವರೆಗೆ ನಡೆದೇ ಹೋದೆನು. ಅಂಗಡಿಯ ದೀಪ ಒದ್ದೆ ರಸ್ತೆಯ ಮೇಲೆ ಬಿದ್ದಲ್ಲೆಲ್ಲ ನನ್ನ ನಡಿಗೆ ತಾನಾಗಿಯೇ ನಿಧಾನವಾಗುತ್ತಲಿದ್ದಿತು.