ಎ.ಸಿ. ಕೆಟ್ಟಿತು, ಏಕೆ ಕೆಟ್ಟಿತು?

ದಪ್ಪ ಕಲ್ಲಿನ ಗೋಡೆ, ಶಹಾಬಾದ ಪರಸಿಯ ನೆಲ, ಕಿಟಕಿಗೊಂದು ಹುಲ್ಲಿನ ಕೂಲರ್. ಇಷ್ಟರಿಂದಲೇ ಕಲಬುರಗಿಯ ಬೇಸಿಗೆಯನ್ನು ಕಳೆಯುತ್ತಿದ್ದ ನಮ್ಮ ಗಾಜಿಪುರದ ಅನೇಕ ಮನೆಗಳಿಗೆ ಈಗ ಎ.ಸಿ. ಬಂದಿದೆ. ಮನೆಗೆ ವಿಮೆ ಮಾಡಿಸಿದವರೂ ಇದ್ದಾರೆ. ಆದರೆ ಯಂತ್ರ ಕೆಟ್ಟಾಗ ವಿಮೆಯಿಂದ ಏನನ್ನು ಕೇಳುವುದು ನ್ಯಾಯ ಎಂಬುದನ್ನು ಬಲ್ಲವರು ವಿರಳ.

ಇತ್ತೀಚೆಗೆ ನೆರೆಮನೆಯ ವೃದ್ಧ ದಂಪತಿಗಳ ಎ.ಸಿ. ಗುಡುಗು-ಮಳೆಯ ಮರುದಿನ ನಿಂತುಹೋಯಿತು. ದುರಸ್ತಿಗೆ ಬಂದವನು, "ಕಂಪ್ರೆಸರ್ ಸುಟ್ಟದರಿ ಕಾಕಾ. ಸಿಡಿಲಿನಿಂದ ಅಂತ ಬರ್ದು ಕೊಡ್ತೀನಿ, ಹೊಸಾದೇ ಬರ್ತದ" ಎಂದನು. ಹಿರಿಯರು ಸಲಹೆ ಕೇಳಲು ನನ್ನಲ್ಲಿಗೆ ಬಂದರು. ವಿಮಾ ಸಮೀಕ್ಷಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. "ಸರ, ಮೊದಲು ಮೀಟರ್ ಹಚ್ಚಿ ನೋಡ್ಲಿಕ್ಕೆ ಹೇಳ್ರಿ" ಎಂದನು.

ಇನ್ವರ್ಟರ್ ಅಲ್ಲದ ಹಳೆಯ ಮಾದರಿಯ ಕಂಪ್ರೆಸರಿಗೆ ಮೂರು ತುದಿಗಳಿರುತ್ತವೆ. ಎರಡೆರಡು ತುದಿಗಳ ನಡುವಿನ ರೋಧವನ್ನು ಅಳೆದರೆ, ಚಿಕ್ಕ ಎರಡು ಅಳತೆಗಳ ಮೊತ್ತ ದೊಡ್ಡದಕ್ಕೆ ಸಮವಾಗಬೇಕು. ಯಂತ್ರದ ಲೋಹದ ಮೈಗೆ ವಿದ್ಯುತ್ ಸೋರಬಾರದು. ಇನ್ನೊಬ್ಬ ಮೆಕ್ಯಾನಿಕ್ ಬಂದು ಅಳೆದಾಗ ಲೆಕ್ಕ ಸರಿಹೊಂದಿತು. ಸುರುಳಿ ಸುಟ್ಟಿರಲಿಲ್ಲ, ಕೆಪ್ಯಾಸಿಟರ್ ಉಬ್ಬಿತ್ತು. ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು.

ಸಿಡಿಲೆಂದು ಬರೆಸಿದ್ದರೆ ಏನಾಗುತ್ತಿತ್ತು? ಅವರದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ ಗೃಹ ರಕ್ಷಾ' ಪಾಲಿಸಿ. ಶಾರ್ಟ್ ಸರ್ಕ್ಯೂಟ್ ಅಥವಾ ವಿದ್ಯುತ್ ಸೋರಿಕೆಯಿಂದ ಯಂತ್ರ ಕೆಟ್ಟರೆ, ಅದಕ್ಕೆ ಸಿಡಿಲೇ ಕಾರಣವಾಗಿದ್ದರೂ, ಆ ಯಂತ್ರಕ್ಕೆ ಪರಿಹಾರವಿಲ್ಲ. ಅದರಿಂದ ಬೆಂಕಿ ಹತ್ತಿ ಕಪಾಟು, ಹಾಸಿಗೆ ಸುಟ್ಟರೆ ಅವುಗಳಿಗೆ ಉಂಟು. ಸುಳ್ಳು ಬೇಡಿಕೆಯಿಂದ ಎ.ಸಿ. ಬರುತ್ತಿರಲಿಲ್ಲ; ಬದಲಾಗಿ ಇಡೀ ಮನೆಯ ರಕ್ಷಣೆಯೇ ರದ್ದಾಗುವ ಅಪಾಯವಿತ್ತು.

ನ್ಯಾಯವಾದ ಬೇಡಿಕೆಯನ್ನು ಮಾತ್ರ ಬಿಟ್ಟುಕೊಡಬಾರದು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯ ಮಹಾಪೂರ ನಮ್ಮ ಜಿಲ್ಲೆಯ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಅಂತಹ ನೆರೆಯಲ್ಲಿ ಯಂತ್ರ ಮುಳುಗಿದರೆ ಈ ಪಾಲಿಸಿಯಲ್ಲಿ ಪರಿಹಾರವಿದೆ: ದುರಸ್ತಿಯಾಗುವಂತಿದ್ದರೆ ಅದರ ವೆಚ್ಚ, ಇಲ್ಲವಾದರೆ ಅಂಥದೇ ಯಂತ್ರದ ಬೆಲೆ. ಒಂದೂವರೆ ಟನ್ನಿನದು ಹೋದರೆ ಎರಡು ಟನ್ನಿನದನ್ನು ಕೇಳುವಂತಿಲ್ಲ. ಒಂದು ಟನ್ನಿನದನ್ನು ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ಕಂಪನಿ ತಿರಸ್ಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ.

ಉತ್ತರಪತ್ರಿಕೆಗೆ ಕರುಣೆಯಿಂದ ಅಂಕ ಕೊಡಬಾರದು, ಕೈಬಿಗಿಯಿಂದ ಕಳೆಯಲೂಬಾರದು ಎಂದು ಬಿ.ಎಡ್.ನಲ್ಲಿ ನಮಗೆ ಕಲಿಸಿದ್ದರು. ಯಂತ್ರದ ಮೌಲ್ಯಮಾಪನಕ್ಕೂ ಆ ಮಾತು ಸಲ್ಲುತ್ತದೆ. ಆದ್ದರಿಂದ ಮಕ್ಕಳೇ, ಖರೀದಿಯ ಬಿಲ್ಲನ್ನೂ ಯಂತ್ರದ ಕ್ರಮಸಂಖ್ಯೆಯ ಫೋಟೋವನ್ನೂ ಕಾಯ್ದಿಡಿರಿ. ಹಾನಿಯಾದೊಡನೆ ಕಂಪನಿಗೆ ತಿಳಿಸಿರಿ. ಸಮೀಕ್ಷಕರು ಬಂದು ನೋಡುವವರೆಗೆ ಕೆಟ್ಟ ಭಾಗವನ್ನು ಗುಜರಿಗೆ ಹಾಕಬೇಡಿರಿ.