ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ

1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಮ್ಮ ನಿಲಂಗಾ ತಾಲ್ಲೂಕು ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿತು. ಗಡಿ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಕನ್ನಡದಲ್ಲಿ ಅಕ್ಷರ ಕಲಿತ ಇಲ್ಲಿಯ ಮಕ್ಕಳಿಗೆ ಉನ್ನತ ವಿದ್ಯೆಯೆಂದೊಡನೆ ಇಂದಿಗೂ ಕಲಬುರಗಿ ನೆನಪಾಗುವುದು ಸಹಜವೇ.

ಅಲ್ಲಿಯ ಶರಣಬಸವ ವಿಶ್ವವಿದ್ಯಾಲಯವು ಖಾಸಗಿ ವಿಶ್ವವಿದ್ಯಾಲಯವಾಗಿ ಆರಂಭಗೊಂಡದ್ದು 2017ರಲ್ಲಿ. ಆದರೆ ಅದರ ಬೇರು 1934ರಷ್ಟು ಹಳೆಯದು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಭಾಷೆಯೇ ಮೆರೆಯುತ್ತಿದ್ದಾಗ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾ ವಿದ್ಯಾಲಯವನ್ನು ತೆರೆದರು. ಅನ್ನದಾಸೋಹದ ಮನೆಯೇ ಜ್ಞಾನದಾಸೋಹಕ್ಕೂ ನೆಲೆಯಾಯಿತು. 2025ರಲ್ಲಿ ಲಿಂಗೈಕ್ಯರಾದ ಪೂಜ್ಯ ಶರಣಬಸವಪ್ಪ ಅಪ್ಪನವರು ಆ ಬಳ್ಳಿಯನ್ನು ವಿಶ್ವವಿದ್ಯಾಲಯದ ಎತ್ತರಕ್ಕೆ ಹಬ್ಬಿಸಿದರು. ಮಹಿಳೆಯರಿಗಾಗಿಯೇ ಇಂಜಿನಿಯರಿಂಗ್ ವಿಭಾಗವಿರುವುದು ಅದರ ವೈಶಿಷ್ಟ್ಯ.

ದಾಸೋಹದಲ್ಲಿ ಪಂಕ್ತಿಭೇದವಿಲ್ಲ, ಖಾಸಗಿ ವಿಶ್ವವಿದ್ಯಾಲಯದಲ್ಲಾದರೋ ಶುಲ್ಕವುಂಟು. ಗಡಿನಾಡಿನ ಒಕ್ಕಲಿನವನ ಮಗಳು ಶುಲ್ಕದ ಪಟ್ಟಿಯನ್ನು ಕಂಡು ಬಾಗಿಲಿನಿಂದಲೇ ಹಿಂದಿರುಗದಂತಿದ್ದರೆ ಮಾತ್ರ ಜ್ಞಾನದಾಸೋಹವೆಂಬ ಮಾತು ಸಾರ್ಥಕವೆಂದು ನಾನು ಭಾವಿಸುತ್ತೇನೆ.

ಅಷ್ಟು ದೊಡ್ಡ ಸಂಸ್ಥೆಯೂ ಮೊಳೆತದ್ದು ಒಂದು ಪುಟ್ಟ ಶಾಲೆಯಾಗಿ, ಅದೂ ಕನ್ನಡಕ್ಕೆ ರಾಜಾಶ್ರಯವಿಲ್ಲದ ಕಾಲದಲ್ಲಿ. ಐವತ್ತು ತುಂಬಿದ ನಮ್ಮ ಶಾಲೆಯ ಹಾಜರಿಪಟ್ಟಿಯಲ್ಲಿ ಹೆಸರುಗಳು ಎಷ್ಟೇ ಕಡಿಮೆಯಾಗಲಿ, ಅದನ್ನು ಚಿಕ್ಕದೆಂದು ಯಾರೂ ಎಣಿಸದಿರಲಿ. ಕೆಳಗಿನ ಈ ಮೆಟ್ಟಿಲು ಉಳಿದರಷ್ಟೇ ಮೇಲಿನ ಮಹಾದ್ವಾರ ನಮ್ಮ ಮಕ್ಕಳಿಗೆ ಎಟುಕೀತು.