ಕಾಲು ಮಾತ್ರ ಕೊಡ್ತೀರಾ?

ಹಳೆಯ ಹೊಲಿಗೆ ಮಷೀನು ಮಾರಾಟಕ್ಕಿದೆ ಎಂದು ಫೋಟೋ ಹಾಕಿದರೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಮಷೀನಿಗಾಗಿ ಬಂದವಲ್ಲ. ‘ಕಾಲು ಮಾತ್ರ ಕೊಡ್ತೀರಾ?’ ಎಂದು ಕೇಳುತ್ತಾರೆ. ಕಾಲು ಅಂದರೆ ಎರಕದ ಕಬ್ಬಿಣದ ಸ್ಟ್ಯಾಂಡು. ಬಳ್ಳಿಯ ಹಾಗೆ ಸುತ್ತಿಕೊಂಡ ಎರಡು ಪಕ್ಕೆ, ನಡುವೆ ಪೆಡಲು. ಅದರ ಮೇಲೆ ಗ್ರಾನೈಟೋ ತೇಗದ ಹಲಗೆಯೋ ಕೂರಿಸಿದರೆ ಕಾಫಿ ಅಂಗಡಿಗೆ ಟೇಬಲ್ಲಾಯಿತು. ಬೆಂಗಳೂರಿನಲ್ಲಿ ಅಂಥ ಟೇಬಲ್ಲಿನ ಮುಂದೆ ಕೂತು ನಾನೂ ಕಾಫಿ ಕುಡಿದಿದ್ದೇನೆ. ಸುಮ್ಮನೆ ಪೆಡಲು ತುಳಿಯುತ್ತ ಕೂರುವುದು ಹಿತವಾಗಿಯೇ ಇರುತ್ತದೆ. ಆ ಕಾಲಿನ ಮೇಲಿದ್ದ ತಲೆ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ತಿಪಟೂರಿನಲ್ಲಿರುವ ನನ್ನ ಸೋದರಮಾವ ಕೇಳುತ್ತಾರೆ. ಅವರು 34 ವರ್ಷ ಟೈಲರ್ ಅಂಗಡಿ ನಡೆಸಿದವರು. ಪ್ಯಾಂಟು ಹೊಲಿಸುವವರು ಕಡಿಮೆಯಾಗಿ, ಬರುವವರೆಲ್ಲ ರೆಡಿಮೇಡ್ ಪ್ಯಾಂಟಿನ ಕಾಲು ಮೋಟು ಮಾಡಿಸಲು ಬರುವಂತಾದ ಮೇಲೆ ಅಂಗಡಿ ಮುಚ್ಚಿದರು. ಆಮೇಲೆ ಹಿಡಿದದ್ದು ಕೆಟ್ಟು ಮೂಲೆ ಸೇರಿದ ಮಷೀನುಗಳನ್ನು ತಂದು ಓಡುವಂತೆ ಮಾಡುವ ಕೆಲಸ. ಅದಕ್ಕೆ ಕೆಲಸ ಎನ್ನಬೇಕೋ ಹುಚ್ಚು ಎನ್ನಬೇಕೋ ಎಂಬುದರಲ್ಲಿ ಅತ್ತೆಗೂ ಅವರಿಗೂ ಈಗಲೂ ಒಮ್ಮತವಿಲ್ಲ. ಹೋದ ವರ್ಷ ಯುಗಾದಿಯ ಹೊತ್ತಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ 19 ಮಷೀನು ಕೂತಿದ್ದವು. ಅಷ್ಟರಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ಶೆಡ್ಡಿನ ಜಾಗ ತಮ್ಮನ ಪಾಲಿಗೆ ಬಂತು, ಅವರು ದಸರಾ ಕಳೆದ ಕೂಡಲೇ ಪಾಯ ತೆಗೆಯುವವರಿದ್ದರು. ಮಾವ ನನಗೆ ಫೋನು ಮಾಡಿ, ‘ನೀನು ಅದೆಲ್ಲಾ ಫೋನಲ್ಲಿ ಹಾಕ್ತೀಯಲ್ಲ, ಇವಕ್ಕೆ ಒಂದೊಂದು ಮನೆ ನೋಡು’ ಅಂದರು. ಗಿರಾಕಿ ನೋಡು ಅನ್ನಲಿಲ್ಲ.

ಮಷೀನುಗಳು ಅವರ ಕೈಗೆ ಬರುವಾಗ ಹೇಗಿರುತ್ತವೆ ಎಂದು ಹೇಳಬೇಕು. ನಮ್ಮದು ತೆಂಗಿನ ಸೀಮೆ. ಮಷೀನಿನ ಎಣ್ಣೆ ಮುಗಿದಾಗ ಯಾರೋ ಒಬ್ಬರು ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ. ಎರಡು ದಿನ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಆ ಎಣ್ಣೆ ಚಳಿಗೆ ಹೆಪ್ಪುಗಟ್ಟಿ, ಧೂಳು ಹಿಡಿದು, ವರ್ಷ ಕಳೆದಂತೆ ಗೋಂದಿನ ಹಾಗಾಗಿ ಚಕ್ರವನ್ನೇ ಹಿಡಿದುಬಿಡುತ್ತದೆ. ಮನೆಯವರು ಮಷೀನು ಸತ್ತಿತು ಎಂದುಕೊಳ್ಳುತ್ತಾರೆ. ಮಾವ ಸೀಮೆಎಣ್ಣೆಯನ್ನು ಸಂದುಸಂದಿಗೂ ತೊಟ್ಟಿಕ್ಕಿಸಿ ಎರಡು ದಿನ ಬಿಟ್ಟು, ಚಕ್ರವನ್ನು ಹಿಂದಕ್ಕೊಂದಿಷ್ಟು ಮುಂದಕ್ಕೊಂದಿಷ್ಟು ಆಡಿಸುತ್ತಾರೆ. ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಡೀಸೆಲ್. ಬಲ ಹಾಕುವುದಿಲ್ಲ. ಒಂದು ದಿನ ಚಕ್ರ ತಾನೇ ಒಂದು ಸುತ್ತು ಬರುತ್ತದೆ. ಆಮೇಲಿನದು ಸಣ್ಣಸಣ್ಣ ಕೆಲಸ: ಸವೆದ ಬೆಲ್ಟು ಬದಲಿಸುವುದು, ಹಲ್ಲುಗಳ ನಡುವೆ ಕಲ್ಲಾಗಿ ಕೂತ ಬಟ್ಟೆಯ ಜುಂಗು ಕೆತ್ತುವುದು, ಕೆಳಗಿನ ದಾರಕ್ಕೂ ಮೇಲಿನ ದಾರಕ್ಕೂ ಬಿಗಿ ಹೊಂದಿಸುವುದು. ಸಿಂಗರ್ 15ಕೆ ಆದರೆ ಸುಲಭ. ಇವತ್ತಿನ ಕರಿ ಉಷಾ ಮಷೀನಿಗೆ ಹಾಕುವ ಸೂಜಿ, ಬಾಬಿನ್ ಕೇಸುಗಳೇ ಅದಕ್ಕೂ ಆಗುತ್ತವೆ. ಆ ‘ಕೆ’ ಅಂದರೆ ಕಿಲ್ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಕಾರ್ಖಾನೆ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಲ್ಲಿ ಎರಕ ಹೊಯ್ದ ಕಬ್ಬಿಣ ಮಾತ್ರ ತಿಪಟೂರಿನಲ್ಲಿ ಇನ್ನೂ ಓಡುತ್ತಿದೆ.

ಕೊಳ್ಳುವವರು ಸಿಗದಿರುವುದಕ್ಕೆ ಮೂಲ ಕಾರಣವೂ ಇದೇ ಇರಬೇಕು. ಸಾಯದ ವಸ್ತುವಿಗೆ ಮಾರುಕಟ್ಟೆ ಕಷ್ಟ. ಇದು ಸಿಂಗರ್ ಕಂಪನಿಗೆ ಬಹಳ ಬೇಗ ಗೊತ್ತಾಗಿತ್ತು. ಕಂಪನಿಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಎರಡು ಉಪಾಯ ಹೂಡಿದ. ಒಂದು ಕಂತಿನ ಮಾರಾಟ. ಇನ್ನೊಂದು, ಹಳೆಯ ಮಷೀನು ತಂದುಕೊಟ್ಟರೆ ಹೊಸದರ ಬೆಲೆಯಲ್ಲಿ ಸೋಡಿ. ಹಾಗೆ ಬಂದ ಹಳೆಯವನ್ನು ಕಂಪನಿ ದುರಸ್ತಿ ಮಾಡಿ ಮಾರಲಿಲ್ಲ, ಒಡೆದುಹಾಕಿತು. ಇದನ್ನು ನಾನು ಓದಿ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದು, ‘ಬುದ್ಧಿವಂತ’ ಅಂದರು. ಹೊಗಳಿಕೆಯ ಧ್ವನಿ ಅದಲ್ಲ.

ನಾನು ಬರೆದ ಮೊದಲ ಜಾಹೀರಾತು ಉದ್ದವಿತ್ತು. ಗಾಂಧೀಜಿಯನ್ನೂ ಎಳೆದು ತಂದಿದ್ದೆ. 1924ರಲ್ಲಿ ಯಂತ್ರಗಳ ಬಗ್ಗೆ ಮಾತು ಬಂದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಆತ ಅದನ್ನು ಮಾಡಿದ ಎಂಬುದು ಅವರು ನಂಬಿದ್ದ ಕತೆ. ಚರಿತ್ರೆಯ ಐಸಾಕ್ ಸಿಂಗರ್ ಅಷ್ಟು ಸಾಧುವಲ್ಲ. ಮೊದಲು ನಾಟಕದ ನಟ, ಆಮೇಲೆ ಒಟ್ಟೊಟ್ಟಿಗೆ ಹಲವು ಸಂಸಾರ, ಇಪ್ಪತ್ತು ದಾಟಿದ ಮಕ್ಕಳು. ಹೊಲಿಗೆ ಯಂತ್ರ ಅವನಿಗಿಂತ ಮುಂಚೆಯೇ ಇತ್ತು. 1851ರಲ್ಲಿ ಅವನು ಪೇಟೆಂಟ್ ಪಡೆದದ್ದು ಸುಧಾರಿಸಿದ ಮಾದರಿಗೆ. ಆದರೂ ಗಾಂಧೀಜಿಯ ಕತೆ ಚೆಂದವಿದೆ, ನೂರಾರು ಜನ ಮೆಚ್ಚಿದರು. ಕೊಳ್ಳಲು ಒಬ್ಬರೂ ಬರಲಿಲ್ಲ. ಕತೆ ಮೆಚ್ಚುವವರ ಮನೆಯಲ್ಲಿ ಮಷೀನಿಗೆ ಜಾಗವಿರುವುದಿಲ್ಲ.

ಎರಡನೆಯದರಲ್ಲಿ ತೂಕ, ಮಾದರಿ, ಬೆಲೆ ಅಷ್ಟೇ ಬರೆದೆ. ಆಗ ಬಂದ ಫೋನುಗಳಲ್ಲಿ ಒಬ್ಬರು ಬೆಲೆಯನ್ನೇ ಕೇಳಲಿಲ್ಲ. ಸೂಜಿಯ ಹತ್ತಿರ ಮೊಬೈಲು ಹಿಡಿದು ನೋಡಿ, ಸಿಗ್ನಲ್ ಹೋಗುತ್ತದೆಯೇ ಹೇಳಿ ಎಂದರು. ನನಗೆ ಅರ್ಥವಾಗಲಿಲ್ಲ, ಹುಡುಕಿದ ಮೇಲೆ ತಿಳಿಯಿತು. 2009ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಮಷೀನುಗಳೊಳಗೆ ‘ಕೆಂಪು ಪಾದರಸ’ ಇದೆ ಎಂದು ಗಾಳಿಸುದ್ದಿ ಹಬ್ಬಿ, ಜನ ಅವಕ್ಕೆ ಸಾವಿರಾರು ರಿಯಾಲ್ ಸುರಿದಿದ್ದರು. ಮೊಬೈಲ್ ಪರೀಕ್ಷೆ ಹುಟ್ಟಿದ್ದು ಅಲ್ಲಿ. ಅಂಥ ವಸ್ತುವೇ ಇಲ್ಲ. ಮಾವನಿಗೆ ಹೇಳಿದರೆ, ‘ಪಾದರಸ ಇಲ್ಲ, ಕೊಬ್ಬರಿ ಎಣ್ಣೆ ಇದೆ ಅಂತ ಹೇಳು’ ಅಂದರು. ಹಾಗೆಯೇ ಹೇಳಿದೆ. ಆತ ಫೋನಿಟ್ಟರು.

ಜುಲೈನಲ್ಲಿ ಒಂದು ದೊಡ್ಡ ಗಿರಾಕಿ ಬಂತು. ಬೆಂಗಳೂರಿನ ಒಳಾಂಗಣ ವಿನ್ಯಾಸಗಾರ, ಸಭ್ಯ ಹುಡುಗ. ಬಟ್ಟೆ ಅಂಗಡಿಯೊಂದರ ಗೋಡೆಗೆ ಹಳೆಯ ಮಷೀನುಗಳ ಸಾಲು ಬೇಕಿತ್ತು. ಲಂಡನ್ನಿನ ಆಲ್‌ಸೇಂಟ್ಸ್ ಅಂಗಡಿಗಳು ಹೀಗೆ ಗಾಜಿನ ಹಿಂದೆ ಮಷೀನುಗಳನ್ನು ಸಾಲುಸಾಲಾಗಿ ಜೋಡಿಸಿ ಹೆಸರು ಮಾಡಿವೆ. ಅದರ ಫೋಟೋ ತೋರಿಸಿದ. ಒಂದಕ್ಕೆ 2,200ರಂತೆ ಹತ್ತೊಂಬತ್ತನ್ನೂ ಒಟ್ಟಿಗೆ, ಲಾರಿ ಅವನದೇ. 41,800 ರೂಪಾಯಿ, ಶೆಡ್ಡು ಒಂದೇ ದಿನಕ್ಕೆ ಖಾಲಿ. ನಾನು ಒಪ್ಪಿಕೊಳ್ಳಿ ಅಂದೆ. ಅತ್ತೆ ಎರಡು ಸಲ ಅಂದರು.

ಮಾವ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಒಂದು ಮಷೀನಿಗೆ ದಾರ ಪೋಣಿಸಿ ಕೂತರು. ಆ ಹುಡುಗ ತಡೆದ.

‘ಓಡಿಸಿ ತೋರಿಸೋದೇನೂ ಬೇಡಿ ಸಾರ್. ಗೋಡೆಗೆ ವೆಲ್ಡ್ ಮಾಡ್ತೀವಿ, ಓಡದಿದ್ರೂ ಪರವಾಗಿಲ್ಲ.’

‘ಓಡದಿದ್ರೂ ಆಗುತ್ತಾ?’

‘ಆಗುತ್ತೆ ಸಾರ್.’

ಮಾವ ದಾರ ಬಿಚ್ಚಿ ಸುತ್ತಿಟ್ಟರು. ‘ಹಂಗಾದ್ರೆ ಇವು ಯಾಕಪ್ಪಾ ನಿಂಗೆ? ತುಮಕೂರಲ್ಲಿ ಗುಜರಿಯವನೊಬ್ಬ ಇದಾನೆ. ಚಕ್ರ ತಿರುಗದೇ ಇರೋವು ಅವನ ಹತ್ರ ರಾಶಿ ಬಿದ್ದಿವೆ. ಕಿಲೋ ಲೆಕ್ಕ. ಇದರ ಕಾಲು ಭಾಗಕ್ಕೆ ಬರ್ತವೆ’ ಎಂದು ನಂಬರು ಬರೆದುಕೊಟ್ಟರು. ಹುಡುಗ ಕಾಲಿಗೆ ನಮಸ್ಕಾರ ಮಾಡಿ ಹೋದ. ಅವನಿಗೆ ದುಡ್ಡು ಉಳಿಯಿತು, ಗುಜರಿಯವನಿಗೆ ವ್ಯಾಪಾರವಾಯಿತು. ಅತ್ತೆ ಆ ರಾತ್ರಿ ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಊಟ ಮಾಡಿದರು. ಅತ್ತೆಯ ಸಿಟ್ಟು ನ್ಯಾಯವಾದದ್ದು; ಆ 41,800ರಲ್ಲಿ ಮಾವನ ಕಣ್ಣಿನ ಪೊರೆಯ ಆಪರೇಷನ್ನಿನ ಲೆಕ್ಕವನ್ನು ಅವರು ಆಗಲೇ ಹಾಕಿಬಿಟ್ಟಿದ್ದರು. ಮಾವ ಮಾಡಿದ್ದನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ, ಸರಿ ಎನ್ನಲೂ ಇಲ್ಲ. ಸೀದಾ ಬೆಂಗಳೂರಿನ ಬಸ್ಸು ಹತ್ತಿದೆ.

ಆ ಮೇಲೆ ಜಾಹೀರಾತಿನಲ್ಲಿ ಮಾವನ ಒಂದು ಸಾಲು ಸೇರಿಸಿದೆವು: ನಿಮ್ಮ ಬಟ್ಟೆ ನೀವೇ ತನ್ನಿ, ಹೊಲಿದು ನೋಡಿ ಒಯ್ಯಿರಿ. ಗಾಂಧೀಜಿ ಮಾಡದ ಕೆಲಸವನ್ನು ಆ ಸಾಲು ಮಾಡಿತು. ಕಾಲು ಕೇಳುವವರು, ಪಾದರಸದವರು ಇದನ್ನು ಓದಿಯೇ ದೂರ ಸರಿದರು. ಬಂದವರ ಕಂಕುಳಲ್ಲಿ ಬಟ್ಟೆಯ ಗಂಟಿರುತ್ತಿತ್ತು.

ಅಂಗಡಿಗಳಿಗೆ ಬಟ್ಟೆಚೀಲ ಹೊಲಿದುಕೊಡುವ ಅಣ್ಣತಮ್ಮಂದಿರು ದಪ್ಪ ಕ್ಯಾನ್ವಾಸು ತಂದರು. ಅವರ ಹೊಸ ಹಗುರ ಮಷೀನು ನಾಲ್ಕು ಪದರಕ್ಕೆ ಬಂದಾಗ ಸೂಜಿ ಮುರಿಯುತ್ತಿತ್ತು. ಮಾವ 18ನೇ ನಂಬರ್ ಸೂಜಿ ಹಾಕಿ, ಮಡಿಕೆಯ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸುವುದನ್ನು ತೋರಿಸಿದರು. ಮೂರು ಮಷೀನು ಹೋದವು. ಬೆಂಗಳೂರಿನ ವಿನ್ಯಾಸ ಕಾಲೇಜಿನ ಹುಡುಗಿಯೊಬ್ಬಳು ಹಾಸ್ಟೆಲಿನಲ್ಲಿ ಮೇಲೆಂದರೆ ಮೇಲೆ ಕರೆಂಟು ಹೋಗುತ್ತದೆ ಎಂದು ಕೈಚಕ್ರದ ಮಷೀನು ಒಯ್ದಳು. ಬಣ್ಣ ಹೊಡೆಯದ, ಬಂಗಾರದ ಸ್ಫಿಂಕ್ಸ್ ಚಿತ್ರ ಅರ್ಧ ಅಳಿಸಿದ್ದೇ ಬೇಕೆಂದಳು. ಮಾವನಿಗೆ ಇದೊಂದು ಇವತ್ತಿಗೂ ಒಗಟು. ಅವರ ಪ್ರಕಾರ ಮಷೀನು ಕೊಡುವಾಗ ಫಳಫಳ ಹೊಳೆಯಬೇಕು. ಅಳಿಸಿದ ಚಿತ್ರಕ್ಕೆ 500 ಹೆಚ್ಚು ಕೊಟ್ಟಾಗ ಅವರು ಆ ನೋಟನ್ನು ಬೆಳಕಿಗೆ ಹಿಡಿದು ನೋಡಿದರು.

ಎಲ್ಲರೂ ಕೊಂಡರು ಅಂತಲ್ಲ. ರಿವರ್ಸ್ ಇದೆಯಾ, ಪಿಕೋ ಆಗುತ್ತಾ ಎಂದು ಕೇಳಿದವರಿಗೆ ಮಾವ ಇಲ್ಲ ಎಂದು ನೇರವಾಗಿ ಹೇಳಿ ವಾಪಸು ಕಳಿಸಿದರು. ಇವು ನೇರ ಹೊಲಿಗೆ ಮಾತ್ರ ಹೊಲಿಯುತ್ತವೆ. ಅರಸೀಕೆರೆ ಕಡೆಯ ಒಬ್ಬಾಕೆ ಮಾತ್ರ ಇಲ್ಲ ಎಂದ ಮೇಲೂ ಹೋಗಲಿಲ್ಲ. ಬ್ಲೌಸು, ಲಂಗ ಹೊಲಿಯುವವರು. ಅತ್ತೆಯ ಮನೆಯಿಂದ ಹೊರಬಂದು ಮಗುವಿನೊಡನೆ ಬೇರೆ ಇದ್ದರು. ತಂದದ್ದು ಒಂದು ತುಂಡು ರೂಬಿಯಾ ಬಟ್ಟೆ. ಕೂತು ಹೊಲಿದರು. ತೋಳಿನ ತಿರುವಿನಲ್ಲಿ ಪೆಡಲು ನಿಧಾನಿಸಿ, ಮತ್ತೆ ವೇಗ ಹಿಡಿದರು. ಮಾವ ಬಟ್ಟೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು.

‘ಎಷ್ಟು ವರ್ಷದಿಂದ ಹೊಲೀತಿದ್ದೀಯಮ್ಮಾ?’

‘ಹನ್ನೊಂದು ವರ್ಷ ಆಯ್ತು ಅಣ್ಣಾ. ಮಷೀನು ಅವರ ಮನೇಲೇ ಉಳೀತು.’

ಬೆಲೆ 4,000. ಆಕೆಯ ಹತ್ತಿರ 1,000 ಇತ್ತು. ಮಾವ ಹಳೆಯ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಹೆಸರು ಬರೆದು, ತಿಂಗಳಿಗೆ 500 ಎಂದು ಗೆರೆ ಎಳೆದರು. ಕ್ಲಾರ್ಕನ ಉಪಾಯದಲ್ಲಿ ಅರ್ಧ ನಮ್ಮಲ್ಲೂ ಜಾರಿಗೆ ಬಂತು. ಆ ಹಾಳೆಯಲ್ಲಿ ಈಗ ಐದು ಹೆಸರಿವೆ. ಇಬ್ಬರದು ತೀರಿದೆ, ಇಬ್ಬರದು ನಡೆಯುತ್ತಿದೆ, ಒಬ್ಬರ ಫೋನು ಸ್ವಿಚಾಫ್. ಆ ಒಬ್ಬರು ಅರಸೀಕೆರೆಯವರಲ್ಲ.

ದಸರಾ ಹೊತ್ತಿಗೆ 15 ಹೋಗಿದ್ದವು. ತಲೆ ಸೀಳಿದ್ದ ಎರಡರ ಕಾಲುಗಳನ್ನು ಕಾಫಿ ಅಂಗಡಿಯವರಿಗೇ ಕೊಟ್ಟರು, ಬೇಸರವಿಲ್ಲದೆ. ಒಟ್ಟು ಬಂದದ್ದು, ಬರಬೇಕಾದ ಕಂತು ಬಿಟ್ಟು, 43,000ದ ಮೇಲೆ. ಅದನ್ನು ಎಣಿಸಿ ಅತ್ತೆಯ ಕೈಗೆ ಕೊಟ್ಟಾಗ ಅವರು, ‘ನಾಲ್ಕು ತಿಂಗಳ ಕಾಫಿ ಖರ್ಚು ಕಳೀರಿ’ ಅಂದರು. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟವರು ಅವರೇ. ಕಣ್ಣಿನ ಆಪರೇಷನ್ ಸಂಕ್ರಾಂತಿ ಕಳೆದು ಆಯಿತು.

ಉಳಿದ ನಾಲ್ಕು ಈಗ ಹಜಾರದಲ್ಲಿವೆ. ಒಂದರ ಮೇಲೆ ಅತ್ತೆ ಟೀವಿ ಇಟ್ಟಿದ್ದಾರೆ. ಒಂದು 28ಕೆ, ಬುಲೆಟ್ಟಿನಾಕಾರದ ಶಟಲ್ಲಿನದು. ಅದರ ಉದ್ದನೆಯ ಬಾಬಿನ್ ಒಂದೇ ಒಂದು ಉಳಿದಿದೆ, ಇನ್ನೊಂದು ಸಿಗುವವರೆಗೆ ಕೊಡುವುದಿಲ್ಲ ಎಂದು ಮಾವ ಹಟ ಹಿಡಿದಿದ್ದಾರೆ. ಬೇರೆ ಎರಡು 15ಕೆ, ಚೆನ್ನಾಗಿ ಓಡುತ್ತವೆ. ಅದರಲ್ಲೊಂದಕ್ಕೆ ಚಿಕ್ಕನಾಯಕನಹಳ್ಳಿಯಿಂದ ಗುರುವಾರ ಒಬ್ಬರು ಬರುತ್ತಾರಂತೆ. ಬಟ್ಟೆ ತರಲು ಹೇಳಿದ್ದೇನೆ.